ತಪಾಸಣೆಗೆ ಬಂದಾಗ ನಮ್ಮನ್ನೂ ಮಾತಾಡಿಸಿ: ಕಾರ್ಖಾನೆ ಇನ್‌ಸ್ಪೆಕ್ಟರ್‌ಗಳಿಗೆ ಒಂದು ಬಹಿರಂಗ ಪತ್ರ

ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಎಲ್ಲ ಇನ್‌ಸ್ಪೆಕ್ಟರ್‌ಗಳಿಗೆ ಮತ್ತು ಅವರ ಮೇಲಧಿಕಾರಿಗಳಿಗೆ,

ನಮಸ್ಕಾರ. ನಾನೊಬ್ಬ ಪವರ್ ಪ್ರೆಸ್ ಆಪರೇಟರ್. 19 ವರ್ಷದಿಂದ ಇದೇ ಕೆಲಸ. ತಗಡನ್ನು ಡೈ (ಅಚ್ಚು) ಮೇಲೆ ಇಡು, ಒತ್ತು, ತೆಗೆ, ಮತ್ತೆ ಇಡು. ನಿಮ್ಮಲ್ಲಿ ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮಲ್ಲೊಬ್ಬರಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಅದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಆ ಸುಳ್ಳು ಯಾಕೆ ಹೇಳಿದೆ ಅಂತ ತಿಳಿಸಿಬಿಟ್ಟರೆ, ಯೂನಿಯನ್‌ಗೂ ನಮ್ಮ ಕೈಬೆರಳಿಗೂ ಏನು ಸಂಬಂಧ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಅದು ನನ್ನ ಮೊದಲ ಕಾರ್ಖಾನೆ. ಅಲ್ಲಿ ಯೂನಿಯನ್ ಇರಲಿಲ್ಲ. ತಪಾಸಣೆಗೆ ಬರುತ್ತಾರೆ ಅಂತ ನಮಗೆ ಎರಡು ದಿನ ಮುಂಚೆಯೇ ಗೊತ್ತಾಗಿತ್ತು. ನೆಲದ ಮೇಲಿನ ಎಣ್ಣೆ ಒರೆಸಿದರು. ಸ್ಟೋರ್‌ನಿಂದ ಹೊಸ ಗ್ಲೌಸ್ ಬಂತು. ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ, ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್‌ಗಳನ್ನು ಹುಡುಕಿ ತಂದು ಮಷೀನಿಗೆ ಬೋಲ್ಟ್ ಹಾಕಿ ಕೂರಿಸಿದರು. ಇನ್‌ಸ್ಪೆಕ್ಟರ್ ಬಂದರು. ಅವರ ಒಂದು ಪಕ್ಕ ಮ್ಯಾನೇಜರ್, ಇನ್ನೊಂದು ಪಕ್ಕ ಎಚ್‌ಆರ್‌ನವರು. ನನ್ನ ಪ್ರೆಸ್ ಹತ್ತಿರ ನಿಂತರು. ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿಯೇ ಕೇಳಿದರು: "ಏನಪ್ಪಾ, ಎಲ್ಲ ಸರಿ ಇದೆಯಾ? ಏನಾದರೂ ತೊಂದರೆ ಇದ್ರೆ ಹೇಳು."

"ಏನೂ ಇಲ್ಲ ಸರ್, ಎಲ್ಲ ಚೆನ್ನಾಗಿದೆ" ಅಂದೆ.

ಚೆನ್ನಾಗಿರಲಿಲ್ಲ.

ಪವರ್ ಪ್ರೆಸ್ ನಿಮಗೆ ಗೊತ್ತೇ ಇದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಮಷೀನಿನ ಮುಂದೆ ಎರಡು ಬಟನ್ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾಗ ಇಳಿದು ತಗಡನ್ನು ಒತ್ತಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲು ಸಾಧ್ಯವಿಲ್ಲ, ಅಷ್ಟೇ ಅದರ ಲೆಕ್ಕ. ನಮ್ಮಲ್ಲಿದ್ದದ್ದು ಹಳೇ ಮಷೀನ್. ಎಡಗಡೆಯ ಬಟನ್‌ಗೆ ಒಂದು ಮರದ ಚೂರು ಸಿಕ್ಕಿಸಿಬಿಟ್ಟರೆ ಅದು ಒತ್ತಿದ ಹಾಗೇ ಇರುತ್ತಿತ್ತು. ಆಗ ಬಲಗೈಯಲ್ಲಿ ಬಟನ್ ಒತ್ತುತ್ತಾ ಎಡಗೈಯಲ್ಲಿ ತಗಡು ಹಾಕಬಹುದು. ಒಂದು ಪೀಸಿಗೆ ಒಂದೆರಡು ಸೆಕೆಂಡ್ ಉಳಿಯುತ್ತದೆ. ಆ ಒಂದೆರಡು ಸೆಕೆಂಡ್ ಉಳಿಸಿದವನಿಗೆ ಮಾತ್ರ ಶಿಫ್ಟಿನ ಟಾರ್ಗೆಟ್ ಮುಟ್ಟಲು ಆಗುತ್ತಿತ್ತು. ಹಾಗಾಗಿ ಮರದ ಚೂರು ಎಲ್ಲರ ಜೇಬಿನಲ್ಲೂ ಇರುತ್ತಿತ್ತು. ಸೂಪರ್‌ವೈಸರ್‌ಗೂ ಗೊತ್ತಿತ್ತು. ತಪಾಸಣೆಯ ದಿನ ಬೆಳಿಗ್ಗೆ "ಇವತ್ತೊಂದಿನ ತೆಗೆದಿಡ್ರಪ್ಪಾ" ಅಂತ ಹೇಳಿದವರು ಅವರೇ.

ಅದಾಗಿ ಐದು ವಾರಕ್ಕೆ ನನ್ನ ಪಕ್ಕದ ಮಷೀನಿನ ಹುಡುಗನ ಎಡಗೈಯ ಎರಡು ಬೆರಳು ಹೋದವು. ಬೇರೆ ಶಬ್ದವೇನೂ ಕೇಳಲಿಲ್ಲ. ಪ್ರೆಸ್ ಯಾವಾಗಲೂ ಬಡಿಯುವ ಹಾಗೇ ಬಡಿಯಿತು. ತಿರುಗಿ ನೋಡಿದರೆ ಅವನು ಕೈಯನ್ನು ಎದೆಗೆ ಒತ್ತಿಕೊಂಡು ಸುಮ್ನೆ ನಿಂತಿದ್ದ, ಯಾರನ್ನಾದರೂ ಕರೆಯಬೇಕು ಅಂತ ಕೂಡ ಅವನಿಗೆ ತೋಚಿರಲಿಲ್ಲ. ಮರದ ಚೂರು ಇನ್ನೂ ಬಟನ್‌ನಲ್ಲೇ ಇತ್ತು. ನಾವು ಅವನನ್ನು ಆಸ್ಪತ್ರೆಗೆ ಸೇರಿಸಿ ವಾಪಸ್ ಬರುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ರಿಪೋರ್ಟಿನಲ್ಲಿ "ಕಾರ್ಮಿಕನ ಅಜಾಗರೂಕತೆ" ಅಂತ ಬರೆದರು. ಸಾಕ್ಷಿ ಅಂತ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಯಾಕೆ ಹಾಕಿದೆ? ಅದಕ್ಕೂ ಮುಂಚೆ ನಮ್ಮಲ್ಲೊಬ್ಬರು ಟಾರ್ಗೆಟ್ ಜಾಸ್ತಿಯಾಯ್ತು, ಹೀಗೇ ಆದರೆ ಯಾರದಾದರೂ ಕೈ ಹೋಗುತ್ತೆ ಅಂತ ಬಾಯಿಬಿಟ್ಟು ಹೇಳಿದ್ದರು. ಅವರನ್ನು ಯಾರೂ ಬೈಯಲಿಲ್ಲ. ಮುಂದಿನ ತಿಂಗಳು ಪೂರ್ತಿ ನೈಟ್ ಶಿಫ್ಟ್ ಹಾಕಿದರು. ಅದರ ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗೀತು ಅಂದರು. ನಾವೆಲ್ಲ ನೋಡಿದೆವು, ಬಾಯಿ ಮುಚ್ಚಿಕೊಂಡೆವು. ನೀವು ಬಂದು "ತೊಂದರೆ ಇದ್ರೆ ಹೇಳು" ಅಂದಾಗ ಹೇಳಬಹುದಿತ್ತು, ನಿಜ. ಆದರೆ ನೀವು ಹೋದ ಮೇಲೆ ಅದೇ ಮ್ಯಾನೇಜರ್ ಕೈಕೆಳಗೆ ನಾನು ಇರಬೇಕಲ್ವಾ? ನೀವು ಇರುವುದು ಅರ್ಧ ಗಂಟೆ. ಅವರು ವರ್ಷವಿಡೀ ಇರುತ್ತಾರೆ.

ಆಮೇಲೆ ನಾನು ಸೇರಿದ ಕಾರ್ಖಾನೆಯಲ್ಲಿ ಯೂನಿಯನ್ ಇತ್ತು. ಅದೇ ತರಹದ ಪ್ರೆಸ್, ಅದೇ ಎರಡು ಬಟನ್. ಸೇರಿದ ಮೂರನೇ ದಿನವೋ ನಾಲ್ಕನೇ ದಿನವೋ, ಹಳೇ ಅಭ್ಯಾಸ, ಮರದ ಚೂರು ಸಿಕ್ಕಿಸಿದೆ. ಹತ್ತು ನಿಮಿಷ ಆಗಿರಲಿಲ್ಲ, ಪಕ್ಕದ ಲೈನಿನಿಂದ ಒಬ್ಬರು ಹಿರಿಯ ಆಪರೇಟರ್ ಬಂದು ಮಷೀನ್ ಆಫ್ ಮಾಡಿದರು. ಚೂರನ್ನು ಕಿತ್ತು ನನ್ನ ಅಂಗೈ ಮೇಲಿಟ್ಟು "ಇದು ಇಲ್ಲಿ ಬೇಡ ತಮ್ಮಾ" ಅಂದರು. ಟಾರ್ಗೆಟ್ ಮುಟ್ಟಲ್ಲ ಅಣ್ಣಾ ಅಂದೆ. "ಮುಟ್ಟದಿದ್ರೆ ಮುಟ್ಟಲಿಲ್ಲ ಅಂತ ಬರಿ. ಎರಡು ಕೈಯಲ್ಲಿ ಒತ್ತಿದರೆ ಎಷ್ಟು ಪೀಸ್ ಆಗುತ್ತೋ ಅಷ್ಟು ಬರಿ. ಆಮೇಲಿನ ಮಾತು ನಾವು ಆಡ್ತೀವಿ." ಅವರು ಯೂನಿಯನ್ ಕಡೆಯಿಂದ ಸೇಫ್ಟಿ ಕಮಿಟಿಯಲ್ಲಿದ್ದವರು.

ಆ ವಾರ ಲೈನಿನ ಎಲ್ಲರೂ ಹಾಗೇ ಬರೆದೆವು. ಸೂಪರ್‌ವೈಸರ್ ಕೂಗಾಡಿದರು. ಕಮಿಟಿ ಮೀಟಿಂಗಿನಲ್ಲಿ ಆ ಲೆಕ್ಕವನ್ನು ಮುಂದಿಟ್ಟರು, ಎರಡು ವಾರ ಎಳೆದಾಟ ಆಯಿತು, ಕೊನೆಗೆ ಟಾರ್ಗೆಟ್ ಇಳಿಯಿತು. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ ಅಂತ ಕೇಳಿಕೊಳ್ಳುತ್ತೇನೆ. ಯೂನಿಯನ್ ಹೊಸ ಮಷೀನ್ ತರಿಸಲಿಲ್ಲ. ಹೊಸ ಬಟನ್ ಹಾಕಿಸಲಿಲ್ಲ, ಬಟನ್ ಎರಡು ಕಾರ್ಖಾನೆಯಲ್ಲೂ ಇತ್ತು. ಮರದ ಚೂರು ಸಿಕ್ಕಿಸುವ ಹಾಗೆ ನಮ್ಮನ್ನು ದೂಡುತ್ತಿದ್ದ ಕಾರಣವನ್ನೇ ತೆಗೆಸಿತು. ನಾನು ನೋಡಿರುವ ತಪಾಸಣೆ ಪಟ್ಟಿಗಳಲ್ಲಿ "ಗಾರ್ಡ್ ಇದೆಯೇ" ಅನ್ನೋ ಪ್ರಶ್ನೆ ಇರುತ್ತದೆ. "ಗಾರ್ಡ್ ಇಟ್ಟುಕೊಂಡು ಟಾರ್ಗೆಟ್ ಮುಟ್ಟಲು ಆಗುತ್ತದೆಯೇ" ಅನ್ನೋ ಪ್ರಶ್ನೆ ಎಲ್ಲೂ ಕಂಡಿಲ್ಲ. ಅದಕ್ಕೆ ಉತ್ತರ ಗೊತ್ತಿರೋದು ಮಷೀನ್ ಮುಂದೆ ನಿಂತವನಿಗೆ. ಅವನು ಒಬ್ಬಂಟಿಯಾಗಿದ್ದರೆ ಹೇಳುವುದಿಲ್ಲ. ನಾನೂ ಹೇಳಲಿಲ್ಲ.

ಈಗ ಮೂರು ವರ್ಷದಿಂದ ಆ ಕಮಿಟಿಯಲ್ಲಿ ನಾನೂ ಇದ್ದೇನೆ. ಯೂನಿಯನ್ ತರಬೇತಿಗೆ ಹೋಗಿದ್ದೇನೆ, ಅಲ್ಲಿ ಕೊಟ್ಟದ್ದನ್ನೂ ಆಮೇಲೆ ನಾನಾಗಿ ಹುಡುಕಿದ್ದನ್ನೂ ಓದಿದ್ದೇನೆ. ನನಗೆ ಆದದ್ದು ನನ್ನೊಬ್ಬನ ಕಥೆಯಲ್ಲ ಅಂತ ಗೊತ್ತಾದದ್ದು ಆಗಲೇ. ಅಮೆರಿಕದ ನೆಲದಡಿಯ ಕಲ್ಲಿದ್ದಲು ಗಣಿಗಳ 1993ರಿಂದ 2010ರವರೆಗಿನ ದಾಖಲೆಗಳನ್ನು ಅಲಿಸನ್ ಮೊರಾಂಟ್ಜ್ ಅನ್ನೋ ಕಾನೂನು ಪ್ರಾಧ್ಯಾಪಕಿ ಕೂತು ಹೋಲಿಸಿ ನೋಡಿದ್ದಾರೆ. ಯೂನಿಯನ್ ಇರುವ ಗಣಿಗಳಲ್ಲಿ ಗಂಭೀರ ಗಾಯಗಳು ಶೇಕಡಾ 14ರಿಂದ 32ರಷ್ಟು ಕಡಿಮೆ. ಸಾವು ಶೇಕಡಾ 29ರಿಂದ 83ರಷ್ಟು ಕಡಿಮೆ. ಲೆಕ್ಕ ಹಾಕುವ ರೀತಿ ಬದಲಾದ ಹಾಗೆ ಅಂಕಿ ಹಿಗ್ಗುತ್ತದೆ, ಕುಗ್ಗುತ್ತದೆ, ಆದರೆ ದಿಕ್ಕು ಒಂದೇ. ಮೈಕಲ್ ಜೊರೂಬ್ ಅನ್ನೋರು ಅಮೆರಿಕದ ಎಲ್ಲ ರಾಜ್ಯಗಳ 1992ರಿಂದ 2016ರವರೆಗಿನ ಲೆಕ್ಕ ನೋಡಿದರು. ಯೂನಿಯನ್‌ಗಳನ್ನು ದುರ್ಬಲಗೊಳಿಸುವ ಕಾನೂನುಗಳಿಂದಾಗಿ ಸದಸ್ಯತ್ವ ಶೇಕಡಾ 1ರಷ್ಟು ಇಳಿದರೆ ಕೆಲಸದ ಜಾಗದ ಸಾವಿನ ಪ್ರಮಾಣ ಸುಮಾರು ಶೇಕಡಾ 5ರಷ್ಟು ಏರುತ್ತದೆ ಅಂತ 2018ರಲ್ಲಿ ಬರೆದರು.

ಆ ಗಣಿಗಳ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಅದೇ. ಸಣ್ಣಪುಟ್ಟದ್ದೆಲ್ಲ ಸೇರಿಸಿ ಒಟ್ಟು ಗಾಯಗಳನ್ನು ಎಣಿಸಿದರೆ ಯೂನಿಯನ್ ಇರುವ ಗಣಿಗಳಲ್ಲೇ ಸಂಖ್ಯೆ ಜಾಸ್ತಿ! ಸಾವು ಕಡಿಮೆ, ಕೈಕಾಲು ಮುರಿಯೋದು ಕಡಿಮೆ, ಆದರೆ ರಿಜಿಸ್ಟರ್‌ನಲ್ಲಿ ಬರೆದ ಗಾಯ ಮಾತ್ರ ಜಾಸ್ತಿ. ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸಾವನ್ನು ಮುಚ್ಚಿಡಲು ಆಗುವುದಿಲ್ಲ. ಬೆರಳು ಕೊಯ್ದದ್ದನ್ನು, ಬೆನ್ನು ಹಿಡಿದುಕೊಂಡದ್ದನ್ನು ಮುಚ್ಚಿಡಬಹುದು.

ನನ್ನ ಮೊದಲ ಕಾರ್ಖಾನೆಯ ಗೇಟಿನ ಒಳಗೆ ಒಂದು ದೊಡ್ಡ ಬೋರ್ಡ್ ಇತ್ತು, "ಅಪಘಾತವಿಲ್ಲದೆ ಇಷ್ಟು ದಿನ" ಅಂತ. ಸಂಖ್ಯೆಯನ್ನು ದಿನಾ ಬೆಳಿಗ್ಗೆ ಬದಲಾಯಿಸುತ್ತಿದ್ದರು. 100 ದಿನ ಆದರೆ ಇಡೀ ವಿಭಾಗಕ್ಕೆ ಬಹುಮಾನ. 90ರ ಹತ್ತಿರ ಬಂದಾಗ ಒಬ್ಬ ಹೆಲ್ಪರ್‌ಗೆ ತಗಡಿನ ಅಂಚು ತಾಗಿ ಅಂಗೈ ಸೀಳಿತು. ಹೊಲಿಗೆ ಹಾಕಲೇಬೇಕಾದ ಗಾಯ. ಅವನು ಮಷೀನ್ ಒರೆಸುವ ಬಟ್ಟೆ ಸುತ್ತಿಕೊಂಡು, ಅದರ ಮೇಲೆ ಗ್ಲೌಸ್ ಹಾಕಿಕೊಂಡು ಶಿಫ್ಟ್ ಮುಗಿಸಿದ. ಮ್ಯಾನೇಜರ್ ಹೇಳಿ ಮಾಡಿಸಿದ್ದಲ್ಲ ಅದು. ಜೊತೆಯವರಿಗೆಲ್ಲ ತನ್ನಿಂದ ಬಹುಮಾನ ತಪ್ಪಬಾರದು ಅಂತ ಅವನೇ ಮಾಡಿದ. ನಾವು ಅವನ ಬೆನ್ನು ತಟ್ಟಿದೆವು. ಆ ದಿನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಈಗಿನ ಕಾರ್ಖಾನೆಯಲ್ಲಿ ಒಂದು ಪುಸ್ತಕ ಇದೆ, "ಸ್ವಲ್ಪದರಲ್ಲಿ ತಪ್ಪಿದ್ದು" ಬರೆಯಲು. ಕ್ರೇನಿನ ಕೊಕ್ಕೆ ಜಾರಿತು, ಯಾರಿಗೂ ತಾಗಲಿಲ್ಲ. ಮೆಟ್ಟಿಲ ಮೇಲೆ ಎಣ್ಣೆ ಇತ್ತು, ಕಾಲು ಜಾರಿತು, ಬೀಳಲಿಲ್ಲ. ಬರೆದವನನ್ನು ಯಾರೂ ಕರೆದು ಕೇಳಬಾರದು ಅಂತ ಮ್ಯಾನೇಜ್‌ಮೆಂಟ್ ಜೊತೆ ಒಪ್ಪಂದವೇ ಆಗಿದೆ. ಅದಕ್ಕೇ ಪುಸ್ತಕ ತುಂಬುತ್ತದೆ. ಆ ಕೊಕ್ಕೆಯ ಬಗ್ಗೆ ಮೂರು ಬೇರೆ ಬೇರೆ ಶಿಫ್ಟಿನವರು ಬರೆದಿದ್ದರು, ಮೂರನೆಯದು ಓದಿದ ಮೇಲೆ ಬಿಚ್ಚಿ ನೋಡಿದರೆ ಬುಡದಲ್ಲಿ ಬಿರುಕು ಬಿಟ್ಟಿತ್ತು. ನಿಮ್ಮ ಕಣ್ಣಿಗೆ ನಮ್ಮ ದಾಖಲೆ ಕೊಳಕಾಗಿ ಕಾಣಬಹುದು. ಪಕ್ಕದಲ್ಲಿ ಯೂನಿಯನ್ ಇಲ್ಲದ, ಸೊನ್ನೆ ಅಪಘಾತದ ಕಾರ್ಖಾನೆ ಫಳಫಳ ಹೊಳೆಯಬಹುದು. ದಯವಿಟ್ಟು ಆ ಸೊನ್ನೆಯನ್ನು ನೋಡಿ ಸಮಾಧಾನಪಟ್ಟುಕೊಂಡು ವಾಪಸ್ ಹೋಗಬೇಡಿ. ಅಂಥ ಕಡೆಯೇ ಜಾಸ್ತಿ ಹೊತ್ತು ನಿಲ್ಲಿ.

2010ರ ಏಪ್ರಿಲ್ 5ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಸ್ಫೋಟವಾಗಿ 29 ಜನ ಸತ್ತರು. ಅಲ್ಲಿ ಯೂನಿಯನ್ ಇರಲಿಲ್ಲ. ಇನ್‌ಸ್ಪೆಕ್ಟರ್‌ಗಳು ಗೇಟಿಗೆ ಬಂದರೆ ಸಾಕು, ಕಾವಲಿನವರು ರೇಡಿಯೋದಲ್ಲಿ ಸುದ್ದಿ ಕೊಡುತ್ತಿದ್ದರು, ಅದು ಕೆಳಗೆ ಕೆಲಸದ ಜಾಗದವರೆಗೂ ಮುಟ್ಟುತ್ತಿತ್ತು ಅಂತ ತನಿಖೆಯಲ್ಲಿ ಹೊರಬಂತು. ಒಳಗೆ ಕಂಡ ಅಪಾಯಗಳನ್ನು ಕಂಪನಿಯ ಒಂದು ಪುಸ್ತಕದಲ್ಲಿ ಬರೆದು, ಇನ್‌ಸ್ಪೆಕ್ಟರ್ ನೋಡುವ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದೂ ಹೊರಬಂತು. ಇನ್‌ಸ್ಪೆಕ್ಟರ್‌ಗಳು ಎಷ್ಟು ಸಲ ಬಂದರೂ, ಎಷ್ಟೇ ಪ್ರಾಮಾಣಿಕರಾಗಿದ್ದರೂ, ಒಳಗಿನವರು ಬಾಯಿಬಿಡದಿದ್ದರೆ ಅವರಿಗೆ ಕಾಣಿಸುವುದು ತೋರಿಸಿದ್ದಷ್ಟೇ.

ಇನ್ನು ರಾಣಾ ಪ್ಲಾಜಾ. ಬಾಂಗ್ಲಾದೇಶದ ಆ ಕಟ್ಟಡದ ಗೋಡೆಯಲ್ಲಿ ಬಿರುಕು ಕಂಡದ್ದು 2013ರ ಏಪ್ರಿಲ್ 23ಕ್ಕೆ. ಕೆಳಗಿನ ಅಂತಸ್ತಿನ ಬ್ಯಾಂಕ್ ಬಾಗಿಲು ಹಾಕಿತು, ತನ್ನ ನೌಕರರನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾರನೇ ದಿನ ಬೆಳಿಗ್ಗೆ ಒಳಗೆ ಕರೆದರು, ಬರದಿದ್ದರೆ ಸಂಬಳ ಹಿಡಿಯುತ್ತೇವೆ ಅಂತ ಹೆದರಿಸಿದರು. ಬಿರುಕು ಅವರಿಗೂ ಕಂಡಿತ್ತು. ಬಾಗಿಲ ಹತ್ತಿರ ನಿಂತು ಹಿಂದೆಮುಂದೆ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಒಳಗೆ ಹೋದರು. ಕಟ್ಟಡ ಕುಸಿದು 1,134 ಜನ ಸತ್ತರು. ಅಲ್ಲಿದ್ದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಒಂದರಲ್ಲೂ ಯೂನಿಯನ್ ಇರಲಿಲ್ಲ. ಅಪಾಯ ಇದ್ದರೆ ಕೆಲಸ ನಿರಾಕರಿಸಬಹುದು ಅಂತ ಎಷ್ಟೋ ದೇಶಗಳ ಕಾನೂನಿನಲ್ಲಿ ಬರೆದಿದೆ. ಆದರೆ ಆ ಬಾಗಿಲ ಹತ್ತಿರ ನಿಂತ ಒಬ್ಬ ಹೆಣ್ಣುಮಗಳು ಒಬ್ಬಳೇ "ನಾನು ಬರಲ್ಲ" ಅಂದರೆ ಅವಳ ಒಂದು ತಿಂಗಳ ಸಂಬಳ ಹೋಗುತ್ತದೆ. ಎಲ್ಲರೂ ಸೇರಿ ಅಂದಿದ್ದರೆ ಹೋಗುತ್ತಿದ್ದದ್ದು ಒಂದು ದಿನದ ಪ್ರೊಡಕ್ಷನ್.

ಅದಾದ ಮುಂದಿನ ತಿಂಗಳೇ ಬಾಂಗ್ಲಾದೇಶದ ಗಾರ್ಮೆಂಟ್ಸ್ ಕಾರ್ಖಾನೆಗಳ ಬೆಂಕಿ ಮತ್ತು ಕಟ್ಟಡ ಸುರಕ್ಷತೆಗಾಗಿ ಒಂದು ಒಪ್ಪಂದ ಆಯಿತು. ಒಂದು ಕಡೆ ಬಟ್ಟೆ ಬ್ರಾಂಡ್‌ಗಳು, ಇನ್ನೊಂದು ಕಡೆ ಯೂನಿಯನ್‌ಗಳು. ಇದು ಸುಮ್ನೆ ಒಳ್ಳೆಯ ಮಾತಿನ ಕಾಗದ ಆಗಿರಲಿಲ್ಲ, ಮುರಿದರೆ ಕಾನೂನು ಪ್ರಕಾರ ಹಿಡಿಯಬಹುದಾದ ಒಪ್ಪಂದ. 1,600ಕ್ಕೂ ಜಾಸ್ತಿ ಕಾರ್ಖಾನೆಗಳ ತಪಾಸಣೆ ಆಯಿತು. ಬೀಗ ಹಾಕಿಡುತ್ತಿದ್ದ ಬಾಗಿಲುಗಳನ್ನು ತೆಗೆಸಿದರು, ಬೆಂಕಿ ತಡೆಯುವ ಬಾಗಿಲು ಹಾಕಿಸಿದರು, ಕಂಬಗಳನ್ನು ಗಟ್ಟಿ ಮಾಡಿಸಿದರು. ಅಪಾಯದ ಕಟ್ಟಡಕ್ಕೆ ಹೋಗಲ್ಲ ಅನ್ನುವ ಹಕ್ಕನ್ನೂ ಅದರಲ್ಲಿ ಬರೆದಿದ್ದರು. 1,134 ಜನ ಸಾಯುವ ಮುಂಚೆ ಇದೆಲ್ಲ ಯಾಕೆ ಆಗಲಿಲ್ಲ ಅನ್ನೋ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬೀಳುವ ಕಟ್ಟಡ, ಹೋಗುವ ಬೆರಳು, ಇವೆಲ್ಲ ಕಣ್ಣಿಗೆ ಕಾಣುತ್ತವೆ. ಕಾಣದ್ದು ಇನ್ನೂ ದೊಡ್ಡದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ಪ್ರತಿ ವರ್ಷ ಕೆಲಸದ ಕಾರಣಕ್ಕೆ ಸುಮಾರು 30 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಅಪಘಾತದಿಂದ ಸಾಯುವವರು 3 ಲಕ್ಷ 30 ಸಾವಿರ. ಉಳಿದ 26 ಲಕ್ಷ ಜನ ಸಾಯುವುದು ಕೆಲಸದಿಂದ ಬಂದ ಕಾಯಿಲೆಗಳಿಂದ. ಧೂಳು, ಹೊಗೆ, ರಾಸಾಯನಿಕ, ವಿಪರೀತ ಗಂಟೆಗಳ ದುಡಿಮೆ. ಇವಕ್ಕೆ ರಕ್ತ ಬರುವುದಿಲ್ಲ, ಯಾವ ಬೋರ್ಡ್‌ನಲ್ಲೂ ಸಂಖ್ಯೆ ಬದಲಾಗುವುದಿಲ್ಲ. ನನ್ನ ಬಲಗಿವಿ ಈಗ ಅರ್ಧ ಕೇಳುತ್ತದೆ, ಅದು ಹೋದದ್ದು ಯಾವ ದಿನ ಅಂತ ನಾನೇ ಹೇಳಲಾರೆ.

ಇಂಥ ಕಡೆ ಯೂನಿಯನ್ ಮಾಡುವ ದೊಡ್ಡ ಕೆಲಸ ಅಂದರೆ ಒಬ್ಬೊಬ್ಬರ ಮೈಯಲ್ಲಿ ಬೇರೆ ಬೇರೆಯಾಗಿ ಇರುವ ಕಾಯಿಲೆಯನ್ನು ಒಟ್ಟಿಗೆ ಇಟ್ಟು ನೋಡುವುದು. ಕೆನಡಾದ ಒಂಟಾರಿಯೊದಲ್ಲಿ ಎಲಿಯಟ್ ಲೇಕ್ ಅನ್ನೋ ಕಡೆ ಯುರೇನಿಯಂ ಗಣಿಗಳಿದ್ದವು. ಅಲ್ಲಿನ ಕೆಲಸಗಾರರಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಬರುತ್ತಿದೆ ಅಂತ ಸರ್ಕಾರದ ಕಡೆಯವರಿಗೆ ಗೊತ್ತಿತ್ತು, ಕೆಲಸಗಾರರಿಗೆ ಹೇಳಿರಲಿಲ್ಲ. 1974ರಲ್ಲಿ ಫ್ರಾನ್ಸ್‌ನ ಒಂದು ಸಮ್ಮೇಳನದಲ್ಲಿ ಆ ಅಂಕಿಅಂಶ ಮಂಡಿಸಿದಾಗ ಅಲ್ಲಿದ್ದ ಯೂನಿಯನ್‌ನವರ ಕಿವಿಗೆ ಬಿತ್ತು. ತಮ್ಮದೇ ಶ್ವಾಸಕೋಶದ ಸುದ್ದಿ ಸಮುದ್ರ ದಾಟಿ ಹೋಗಿ ಕೇಳಬೇಕಾಯಿತು. ಗಣಿಯವರು ಕೆಲಸ ನಿಲ್ಲಿಸಿದರು. ಸರ್ಕಾರ ಆಯೋಗ ನೇಮಿಸಿತು, 1976ರಲ್ಲಿ ವರದಿ ಬಂತು, ಆ ದಶಕ ಮುಗಿಯುವ ಮುಂಚೆ ಕಾನೂನೂ ಬಂತು. ಅಪಾಯ ಏನು ಅಂತ ತಿಳಿಯುವ ಹಕ್ಕು, ಕಮಿಟಿಯಲ್ಲಿ ಕೂರುವ ಹಕ್ಕು, ಅಪಾಯದ ಕೆಲಸ ನಿರಾಕರಿಸುವ ಹಕ್ಕು, ಮೂರೂ ಅದರಲ್ಲಿದ್ದವು.

ನಮ್ಮಲ್ಲಿ ಆದದ್ದು ಅದಕ್ಕಿಂತ ತುಂಬಾ ಸಣ್ಣದು, ಆದರೂ ಹೇಳುತ್ತೇನೆ. ಪ್ಯಾಕಿಂಗ್ ವಿಭಾಗದಲ್ಲಿ ಹೆಂಗಸರೇ ಜಾಸ್ತಿ. ಟಾಯ್ಲೆಟ್‌ಗೆ ಹೋಗಬೇಕಾದರೆ ಸೂಪರ್‌ವೈಸರ್ ಹತ್ತಿರ ಟೋಕನ್ ಕೇಳಬೇಕಿತ್ತು, ಇಡೀ ಲೈನಿಗೆ ಎರಡೇ ಟೋಕನ್. ಅದಕ್ಕೆ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಉರಿಮೂತ್ರ, ಜ್ವರ, ಸೋಂಕು ಎಲ್ಲ ಬರುತ್ತಿತ್ತು, ಪ್ರತಿಯೊಬ್ಬರೂ ಅದು ತಮ್ಮ ಮೈಯ ತೊಂದರೆ ಅಂತ ಒಳಗೇ ಇಟ್ಟುಕೊಂಡಿದ್ದರು. ನಾವು ಗಂಡಸರೇ ತುಂಬಿದ್ದ ಕಮಿಟಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ. ಆ ಲೈನಿನ ಒಬ್ಬ ಅಕ್ಕ ಯೂನಿಯನ್ ಕಡೆಯಿಂದ ಆರಿಸಿ ಬಂದರು. ಮೊದಲ ಮೀಟಿಂಗಿಗೆ ಬರುವಾಗ ಲೈನಿನಲ್ಲಿ ಒಬ್ಬೊಬ್ಬರನ್ನೇ ಕೇಳಿ ಪಟ್ಟಿ ಮಾಡಿಕೊಂಡು ಬಂದಿದ್ದರು, ಯಾರಿಗೆ ಎಷ್ಟು ಸಲ ಸೋಂಕು ಆಗಿದೆ ಅಂತ. ಹೆಸರಿಲ್ಲ, ಬರೀ ಗೆರೆಗಳು. ಒಂದು ಹಾಳೆ ತುಂಬಾ ಗೆರೆ. ಅದನ್ನು ನೋಡಿ ಮ್ಯಾನೇಜರ್ ಕೂಡ ಮಾತಾಡಲಿಲ್ಲ. ಟೋಕನ್ ಪದ್ಧತಿ ಆ ತಿಂಗಳೇ ಹೋಯಿತು.

ಯೂನಿಯನ್ ಅಂದರೆ ಎಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲೂ ತಪ್ಪುಗಳಾಗಿವೆ. ಅಪಾಯ ತೆಗೆಸಿ ಅಂತ ಕೇಳುವ ಬದಲು ಅಪಾಯಕ್ಕೆ ಭತ್ಯೆ ಕೊಡಿ ಅಂತ ಕೇಳಿದ ಕಾಲ ಇತ್ತು. ಪೇಂಟ್ ಬೂತಿನವರಿಗೆ ತಿಂಗಳಿಗೆ ಒಂದಿಷ್ಟು ದುಡ್ಡು ಜಾಸ್ತಿ ಕೊಡಿಸಿ ಅದನ್ನೇ ಗೆಲುವು ಅಂತ ಹೇಳಿಕೊಂಡೆವು, ಹೊಗೆ ಎಳೆಯುವ ಫ್ಯಾನ್ ಮಾತ್ರ ಕೆಟ್ಟೇ ಇತ್ತು. ದೊಡ್ಡ ಯೂನಿಯನ್‌ಗಳಲ್ಲೂ ಇದಕ್ಕಿಂತ ಕೆಟ್ಟದ್ದು ನಡೆದಿದೆ. 1968ರ ನವೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಗಣಿ ಸ್ಫೋಟದಲ್ಲಿ 78 ಜನ ಸತ್ತಾಗ, ಗಣಿ ಕಾರ್ಮಿಕರ ಯೂನಿಯನ್ ಅಧ್ಯಕ್ಷ ಟೋನಿ ಬಾಯ್ಲ್ ಅಲ್ಲಿಗೇ ಬಂದು ಆ ಕಂಪನಿ ಸುರಕ್ಷತೆಯ ವಿಷಯದಲ್ಲಿ ಒಳ್ಳೆಯ ಕಂಪನಿ ಅಂತ ಹೊಗಳಿದರು. ಕೆಲವೇ ತಿಂಗಳಲ್ಲಿ ಅದೇ ಯೂನಿಯನ್ನಿನ ಸಾಮಾನ್ಯ ಸದಸ್ಯರು, ಸುಮಾರು 40,000 ಜನ, ನಾಯಕರ ಮಾತು ಕೇಳದೆ ಮುಷ್ಕರ ಹೂಡಿದರು. ಕಲ್ಲಿದ್ದಲು ಧೂಳಿನಿಂದ ಶ್ವಾಸಕೋಶ ಕಪ್ಪಾಗುವ ಕಾಯಿಲೆಗೆ ಪರಿಹಾರ ಬೇಕು ಅನ್ನೋದು ಅವರ ಬೇಡಿಕೆ. ರಾಜ್ಯದ ಕಾನೂನು ಬದಲಾಯಿತು, 1969 ಮುಗಿಯುವ ಮುಂಚೆ ಇಡೀ ದೇಶಕ್ಕೆ ಗಣಿ ಸುರಕ್ಷತೆಯ ಹೊಸ ಕಾನೂನು ಬಂತು. ನಾಯಕರು ಕೈಬಿಟ್ಟಾಗಲೂ ಒಟ್ಟಾಗಿ ನಿಲ್ಲುವ ಅಭ್ಯಾಸ ಆ ಸದಸ್ಯರಿಗೆ ಇತ್ತು.

ನಮ್ಮ ಇನ್ನೊಂದು ತಪ್ಪು ಕಾಂಟ್ರಾಕ್ಟ್ ಹುಡುಗರ ವಿಷಯದಲ್ಲಿ. ಪರ್ಮನೆಂಟ್ ಆದವರು ಮಾತ್ರ ಸದಸ್ಯರು ಅಂತ ಬಾಗಿಲು ಹಾಕಿಕೊಂಡು ಕೂತೆವು. ಆಗ ಏನಾಯಿತು? ನಾವು ಮಾಡಲ್ಲ ಅಂದ ಅಪಾಯದ ಕೆಲಸವೆಲ್ಲ ಅವರ ಪಾಲಿಗೆ ಹೋಯಿತು. ಟ್ಯಾಂಕ್ ಒಳಗೆ ಇಳಿಯೋದು, ಮೇಲ್ಛಾವಣಿ ಹತ್ತೋದು, ಆಸಿಡ್ ಡ್ರಮ್ ತೊಳೆಯೋದು. ಸದಸ್ಯರಾದವರ ಕೈ ಉಳಿಯಿತು, ಆ ಹುಡುಗರ ಕೈ ಹೋಯಿತು. ಈಗ ಸದಸ್ಯತ್ವ ಅವರಿಗೂ ತೆರೆದಿದ್ದೇವೆ, ಆದರೆ ತಡವಾಗಿ ತೆರೆದೆವು. ಸದಸ್ಯತ್ವ ಕೈಗೆ ಸಿಗದವರೇ ಎಲ್ಲ ಕಡೆ ಜಾಸ್ತಿ ಗಾಯ ಆಗುವವರು. ಇದನ್ನು ಮ್ಯಾನೇಜ್‌ಮೆಂಟ್‌ಗೆ ಹೇಳುವಷ್ಟೇ ಜೋರಾಗಿ ನಮ್ಮವರಿಗೂ ಹೇಳುತ್ತೇನೆ.

ಮ್ಯಾನೇಜ್‌ಮೆಂಟಿನವರು ನಿಮ್ಮ ಹತ್ತಿರ ಒಂದು ಮಾತು ಹೇಳುತ್ತಾರೆ, ಗೊತ್ತು. ಯೂನಿಯನ್ ಸುರಕ್ಷತೆಯನ್ನು ನೆಪ ಮಾಡಿಕೊಂಡು ಸಂಬಳಕ್ಕೆ ಚೌಕಾಸಿ ಮಾಡುತ್ತದೆ ಅಂತ. ಕೆಲವು ಸಲ ಮಾಡಿರಬಹುದು. ಆದರೆ ಮರದ ಚೂರು ಬಟನ್‌ನಲ್ಲಿ ಇದೆಯೋ ಇಲ್ಲವೋ ಅನ್ನೋದನ್ನು ಯಾರು ಬೇಕಾದರೂ ಕಣ್ಣಿಂದ ನೋಡಬಹುದು, ಹೇಳಿದವನ ಉದ್ದೇಶ ಏನೇ ಇರಲಿ. ಲಾಭ ನಮಗೊಬ್ಬರಿಗೇ ಅಂತಲೂ ಅಲ್ಲ. ಕೋವಿಡ್ ಕಾಲದಲ್ಲಿ ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳನ್ನು ಹೋಲಿಸಿ 2022ರಲ್ಲಿ ಒಂದು ಅಧ್ಯಯನ ಬಂತು. ಕೆಲಸಗಾರರಿಗೆ ಯೂನಿಯನ್ ಇದ್ದ ಕೇಂದ್ರಗಳಲ್ಲಿ ಅಲ್ಲಿದ್ದ ವೃದ್ಧರ ಕೋವಿಡ್ ಸಾವು ಶೇಕಡಾ 10.8ರಷ್ಟು ಕಡಿಮೆ, ಕೆಲಸಗಾರರ ಸೋಂಕು ಶೇಕಡಾ 6.8ರಷ್ಟು ಕಡಿಮೆ. ನೋಡಿಕೊಳ್ಳುವವರು ಮಾಸ್ಕ್ ಕೊಡಿ, ಹುಷಾರಿಲ್ಲದಾಗ ರಜೆ ಕೊಡಿ ಅಂತ ಧೈರ್ಯವಾಗಿ ಕೇಳಲು ಆದರೆ ಹಾಸಿಗೆಯಲ್ಲಿದ್ದ ಅಜ್ಜಿಯೂ ಉಳಿಯುತ್ತಾಳೆ.

ಹಾಗಾದರೆ ನಿಮ್ಮಿಂದ ಏನು ಬೇಕು? ಮೊದಲನೆಯದು, ನಡೆಯುವಾಗ ನಮ್ಮವರೊಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಅಮೆರಿಕದ ಗಣಿ ಕಾನೂನಿನಲ್ಲಿ 1977ರಿಂದಲೂ ಕಾರ್ಮಿಕರ ಪ್ರತಿನಿಧಿ ಇನ್‌ಸ್ಪೆಕ್ಟರ್ ಜೊತೆ ಹೋಗಬಹುದು. ಆ ಪ್ರತಿನಿಧಿ ನಾವು ಆರಿಸಿದವರಾಗಿರಬೇಕು, ಮ್ಯಾನೇಜರ್ ಹೆಸರು ಕೊಟ್ಟವರಲ್ಲ. ಎಷ್ಟೋ ಕಡೆ ಸೇಫ್ಟಿ ಕಮಿಟಿ ಅಂತ ಇರುತ್ತದೆ, ಅದರಲ್ಲಿ ಇರುವವರಿಗೇ ತಾವು ಅದರಲ್ಲಿದ್ದೇವೆ ಅಂತ ಗೊತ್ತಿರುವುದಿಲ್ಲ, ವರ್ಷಕ್ಕೊಮ್ಮೆ ಬಂದು ಸಹಿ ಮಾಡು ಅಂತಾರೆ. ನೀವು ಮೀಟಿಂಗ್ ಪುಸ್ತಕ ತರಿಸಿ ನೋಡುತ್ತೀರಲ್ಲ, ಜೊತೆಗೆ ಸಹಿ ಮಾಡಿದ ಕೆಲಸಗಾರನನ್ನು ಕರೆಸಿ, ಮ್ಯಾನೇಜರ್‌ರನ್ನು ಹೊರಗೆ ನಿಲ್ಲಿಸಿ, "ಕಳೆದ ಮೀಟಿಂಗಿನಲ್ಲಿ ಏನು ಮಾತಾಡಿದ್ರಿ" ಅಂತ ಒಂದು ಪ್ರಶ್ನೆ ಕೇಳಿ. ಸಾಕು. ಬ್ರಿಟನ್ನಿನಲ್ಲಿ 1978ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಯೂನಿಯನ್ ನೇಮಿಸಿದ ಪ್ರತಿನಿಧಿಗಳು ಮೂರು ತಿಂಗಳಿಗೊಮ್ಮೆ ತಾವೇ ಕೆಲಸದ ಜಾಗದ ತಪಾಸಣೆ ಮಾಡಬಹುದು, ಆ ಹೊತ್ತಿಗೆ ಸಂಬಳ ಕತ್ತರಿಸುವ ಹಾಗಿಲ್ಲ. ಸ್ವೀಡನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಸುರಕ್ಷತಾ ಪ್ರತಿನಿಧಿಗೆ ಜೀವಕ್ಕೆ ಅಪಾಯ ಅನ್ನಿಸಿದರೆ ಕೆಲಸವನ್ನೇ ನಿಲ್ಲಿಸುವ ಅಧಿಕಾರ ಇದೆ, ಇನ್‌ಸ್ಪೆಕ್ಟರ್ ಬಂದು ತೀರ್ಮಾನ ಹೇಳುವ ತನಕ. ಸೇಫ್ಟಿ ಕಮಿಟಿ ಇಲ್ಲದ ಸಣ್ಣ ಕಡೆಗಳಿಗೆ, ಒಬ್ಬ ಸದಸ್ಯ ಇದ್ದರೂ ಸಾಕು, ಯೂನಿಯನ್ನಿನ ಪ್ರಾದೇಶಿಕ ಪ್ರತಿನಿಧಿ ಹೊರಗಿನಿಂದ ಬಂದು ನೋಡುತ್ತಾರೆ. ನಾಲ್ಕು ಮಷೀನ್ ಇಟ್ಟುಕೊಂಡ ಶೆಡ್ಡುಗಳಲ್ಲಿ ಕೆಲಸ ಮಾಡುವ ಹುಡುಗರನ್ನು ನೆನೆದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ.

ಎರಡನೆಯದು, ಬಾಯಿಬಿಟ್ಟವರನ್ನು ಕಾಪಾಡಿ. ಸುರಕ್ಷತೆ ಬಗ್ಗೆ ದೂರು ಕೊಟ್ಟ ಆರು ತಿಂಗಳೊಳಗೆ ಯಾರದಾದರೂ ಶಿಫ್ಟ್ ಬದಲಾದರೆ, ಕೆಲಸ ಹೋದರೆ, ಅದಕ್ಕೂ ದೂರಿಗೂ ಸಂಬಂಧ ಇಲ್ಲ ಅಂತ ತೋರಿಸುವ ಜವಾಬ್ದಾರಿ ಮಾಲೀಕರ ಮೇಲೆ ಇರಲಿ. ಯೂನಿಯನ್ ಕಟ್ಟಲು ಹೋದವರನ್ನು ಕೆಲಸದಿಂದ ತೆಗೆದ ಸುದ್ದಿ ಕಿವಿಗೆ ಬಿದ್ದರೆ ಅದನ್ನು ಬೇರೆ ವಿಭಾಗದ ವಿಷಯ ಅಂತ ಪಕ್ಕಕ್ಕೆ ಇಡಬೇಡಿ, ಅದು ನಿಮ್ಮದೇ ವಿಷಯ. ಸುರಕ್ಷಿತವಾದ, ಆರೋಗ್ಯಕರವಾದ ಕೆಲಸದ ಜಾಗ ಅನ್ನೋದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರ ಜೂನ್‌ನಲ್ಲಿ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಸಂಘ ಕಟ್ಟುವ ಹಕ್ಕು ಆ ಸಾಲಿನಲ್ಲಿ ಮೊದಲೇ ಇತ್ತು. ಎರಡನ್ನೂ ಒಟ್ಟಿಗೆ ನೋಡಿ ಅಂತಷ್ಟೇ ನನ್ನ ಕೋರಿಕೆ.

ಈ ಪತ್ರ ಬರೆಯುತ್ತೇನೆ ಅಂತ ಆ ಹುಡುಗನಿಗೆ ಹೇಳಿದೆ. ಈಗ ಅವನು ಹುಡುಗನಲ್ಲ, ಎರಡು ಮಕ್ಕಳ ತಂದೆ. ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುತ್ತಾನೆ. ಚಳಿಗೆ ಈಗಲೂ ಇಲ್ಲದ ಬೆರಳುಗಳ ಜಾಗದಲ್ಲಿ ನೋವು ಬರುತ್ತದಂತೆ. ರಿಪೋರ್ಟಿಗೆ ನಾನು ಸಹಿ ಹಾಕಿದ್ದನ್ನೂ ಹೇಳಿದೆ, ಇಷ್ಟು ವರ್ಷ ಹೇಳಿರಲಿಲ್ಲ. ಅವನಿಗೆ ಅವತ್ತೇ ಗೊತ್ತಿತ್ತಂತೆ. "ನಿನ್ನ ಜಾಗದಲ್ಲಿ ನಾನಿದ್ದರೂ ಹಾಕ್ತಿದ್ದೆ ಬಿಡಣ್ಣ" ಅಂದ.

ಆ ರಿಪೋರ್ಟ್ ನಿಮ್ಮ ಕಡತದಲ್ಲಿ ಎಲ್ಲೋ ಇರುತ್ತದೆ. ಅದನ್ನು ತೆಗೆಸಿ, ಮರದ ಚೂರಿನ ವಿಷಯ ಸೇರಿಸಲು ಅವಕಾಶ ಇದ್ದರೆ ನಾನು ಬಂದು ಹೇಳಿಕೆ ಕೊಡುತ್ತೇನೆ. ಮೊದಲ ಶಿಫ್ಟ್ ಮುಗಿದ ಮೇಲೆ ಯಾವ ದಿನ ಕರೆದರೂ ಬರುತ್ತೇನೆ. ಅವನೂ ಬರುತ್ತೇನೆ ಅಂದಿದ್ದಾನೆ.

ಇಂತಿ,
ಒಬ್ಬ ಪ್ರೆಸ್ ಆಪರೇಟರ್, ಸೇಫ್ಟಿ ಕಮಿಟಿ ಸದಸ್ಯ